ಗುಂಡನ ಹೊಟ್ಟೆಯ ಹೊಲಿಗೆ

ತಿಂಗಳಿಗೊಂದು ಭಾನುವಾರ ಆ ಮನೆಯ ಹಿತ್ತಲಲ್ಲಿ ಗೊಂಬೆಗಳಿಗೆ ಎಣ್ಣೆನೀರು ನಡೆಯುತ್ತಿತ್ತು. ಎಣ್ಣೆ ಇರುತ್ತಿರಲಿಲ್ಲ, ಬರೀ ನೀರು. ಆದರೂ ಹೆಸರು ಮಾತ್ರ ಎಣ್ಣೆನೀರು. ರೋಜಾ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲು ನೀಡಿ ಕೂರುತ್ತಿದ್ದಳು. ಬಾಣಂತಿ ಮನೆಯಲ್ಲಿ ಅಜ್ಜಿಯರು ಕೂಸಿಗೆ ನೀರು ಹಾಕುವ ಹಾಗೆ ಗೊಂಬೆಯನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು, ಅಂಟುವಾಳದ ನೊರೆ ಹಚ್ಚಿ, ಬೆನ್ನು ತಟ್ಟಿ, ಕಿವಿಯ ಸಂದಿಗೂ ಬೆರಳು ಹಾಕಿ ಉಜ್ಜಿ, ಉಗುರುಬೆಚ್ಚಗಿನ ನೀರನ್ನು ಚೊಂಬಿನಿಂದ ನಿಧಾನಕ್ಕೆ ಹೊಯ್ಯುತ್ತಿದ್ದಳು. ಹಳೆ ಟವೆಲಿನಲ್ಲಿ ಸುತ್ತಿ ಹಿಂಡಿದ ಮೇಲೆ ಗೊಂಬೆಗಳು ಮೊರದೊಳಗೆ ಸಾಲಾಗಿ ಕೂರಬೇಕು. ತಂತಿಗೆ ಕ್ಲಿಪ್ಪು ಹಾಕಿ ಕಿವಿ ಹಿಡಿದು ನೇತುಹಾಕುವಂತಿಲ್ಲ. ಒಮ್ಮೆ ಹಾಗೆ ಮಾಡಿದ್ದಕ್ಕೆ ಐದು ವರ್ಷದ ಲಿಖಿತಾ ಕೇರಿಯೆಲ್ಲ ಕೇಳುವಂತೆ ಅತ್ತಿದ್ದಳು. ಒಣಗಿದ ಮೇಲೆ ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಉದುರಿಸಿ, ಮೇಲೊಂದು ಬಿದಿರಿನ ಮಂಕರಿ ಬೋರಲು ಹಾಕಿ, ಅದರ ಮೇಲೆ ಗೊಂಬೆಗಳನ್ನಿಟ್ಟು ಹೊಗೆ ಕೊಟ್ಟರೆ ಅಲ್ಲಿಗೆ ಬಾಣಂತನ ಮುಗಿಯಿತು.

“ಯಾರ್ದವ್ವ ಈಗ ಪಾಳಿ?” ಅಂತ ರೋಜಾ ಕೇಳುವಳು.

“ಗುಂಡಂದು ದೊಡ್ಡಮ್ಮ! ಅವ್ನ ಕಣ್ಗೆ ನೊರೆ ಬೀಳ್ಬಾರ್ದು.”

“ಬಿದ್ರೆ ಬೀಳ್ಲಿ ಬುಡು. ತಿಂಗ್ಳೆಲ್ಲ ನೆಲ ಒರೆಸ್ಕಂಡು ತಿರ್ಗವ್ನೆ ಮುಂಡೇದು, ಉಜ್ಜಿಸ್ಕಳ್ಳಿ.”

ಕೂಸು ಬಿದ್ದೂ ಬಿದ್ದೂ ನಗುತ್ತಿತ್ತು. ಗುಂಡ ಅಂದರೆ ಬೂದಿ ಬಣ್ಣದ ಬಟ್ಟೆಯ ಆನೆ, ಕೂಸು ಅದಿಲ್ಲದೆ ಮಲಗುತ್ತಿರಲಿಲ್ಲ, ಉಣ್ಣುತ್ತಲೂ ಇರಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ಆ ಕೂಸನ್ನು ಹೆತ್ತವಳು, ಶೃತಿ. ನೋಡುತ್ತಿದ್ದಳು ಅಂದರೆ ಕಣ್ತುಂಬಿಕೊಂಡು ಸಂತೋಷಪಡುತ್ತಿದ್ದಳು ಅಂದುಕೊಳ್ಳಬೇಡಿ. ಅವಳ ಹೊಟ್ಟೆ ಉರಿಯುತ್ತಿತ್ತು.

ನಂಜನಗೂಡಿನ ಆ ಮನೆಯಲ್ಲಿ ಅತ್ತೆ ಕೆಂಪಾಜಮ್ಮ, ಅವಳ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಂದೇ ಒಂದು ಕೂಸು. ಹಿರಿಯವನು ಮಧುಕುಮಾರ್ ಹಾಲಿನ ವ್ಯಾನು ಓಡಿಸುತ್ತಿದ್ದ. ಅವನ ಹೆಂಡತಿ ರೋಜಾ ಸೋಸಲೆಯ ಹೆಣ್ಣು, ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಕಿರಿಯವನು ಹೇಮಂತ್‌ಗೆ ಕಾರ್ಖಾನೆಯಲ್ಲಿ ಶಿಫ್ಟು. ಅವನ ಹೆಂಡತಿ ಶೃತಿ ಮೂಗೂರಿನವಳು, ನರಸೀಪುರದ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದು ಹೋದರೆ ಮನೆಗೆ ಬರುವುದು ಸಂಜೆ ಐದೂವರೆಗೆ. ನಡುವಿನ ಹೊತ್ತಿನಲ್ಲಿ ಕೂಸಿನ ತಲೆ ಬಾಚುವುದು, ಉಣಿಸುವುದು, ಬಿದ್ದು ಬಂದ ಮಂಡಿಗೆ ಅರಿಶಿನ ಒತ್ತುವುದು ಎಲ್ಲ ರೋಜಾಳದೇ. ಜ್ವರ ಬಂದರೆ ಕೂಸು ಕನವರಿಸುತ್ತಿದ್ದದ್ದು “ದೊಡ್ಡಮ್ಮ” ಅಂತ. ಒಂದು ದಿನ ಎಲ್‌ಕೆಜಿಯಲ್ಲಿ ನಿಮ್ಮ ಮನೆಯವರ ಚಿತ್ರ ಬರೆಯಿರಿ ಅಂದಾಗ ಲಿಖಿತಾ ಅಜ್ಜಿಯನ್ನೂ ಗುಂಡನನ್ನೂ ದೊಡ್ಡಮ್ಮನನ್ನೂ ಬರೆದಿಟ್ಟಳು. ಅಮ್ಮ ಎಲ್ಲಿ ಅಂತ ಟೀಚರ್ ಕೇಳಿದ್ದಕ್ಕೆ “ಅಮ್ಮ ಬಸ್ಸಲ್ಲವ್ಳೆ” ಅಂದಳಂತೆ. ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಶೃತಿಯೂ ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಎಣ್ಣೆನೀರಿನ ದಿನ ಗುಂಡನ ಪಾಳಿ ಬಂದಾಗಲೆಲ್ಲ ಅವಳು ಕಿಟಕಿಯಿಂದಲೇ ಕೂಗುತ್ತಿದ್ದಳು. “ಅಕ್ಕಾ, ಗುಂಡನ್ನ ಮೇಲ್ಮೇಲೆ ಒರೆಸಿ ಸಾಕು. ನೀರು ಒಳಗಿಳಿದ್ರೆ ಹತ್ತಿ ಗಂಟು ಕಟ್ಟುತ್ತೆ.”

“ಆಗ್ಲವ್ವ, ನಿನ್ ಆನೆ ನಿನ್ ಇಷ್ಟ” ಅಂತ ರೋಜಾ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುತ್ತಿದ್ದಳು.

ಹತ್ತಿಯ ಮೇಲಿನ ಕಾಳಜಿಗೆ ಆಡಿದ ಮಾತಲ್ಲ ಅದು. ಕೂಸಿಗೆ ಐದು ತಿಂಗಳಾದಾಗ ಮೂಗೂರಿನಿಂದ ಗಂಡನ ಮನೆಗೆ ಹೊರಟ ಶೃತಿಯ ಕೈಗೆ ಅವಳ ಅವ್ವ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಪುಟ್ಟ ಗಂಟೊಂದನ್ನು ಇಟ್ಟಿದ್ದಳು. ಹುಟ್ಟಿದ ಒಂಬತ್ತನೇ ದಿನ ಒಣಗಿ ಉದುರಿದ ಕೂಸಿನ ಹೊಕ್ಕುಳಬಳ್ಳಿ.

“ಇದು ಕೂಸಿನ ಮಗ್ಗುಲಲ್ಲೇ ಇರ್ಬೇಕು, ಕಾಯ್ಲೆ ಕಸಾಲೆ ಬರಾಕಿಲ್ಲ” ಅಂದಿದ್ದಳು ಅವ್ವ. “ಜ್ವಾಪಾನ ಕಣವ್ವ. ಆ ಮನೇಲಿ ಮಕ್ಕಳಿಲ್ದೋಳು ಒಬ್ಳವ್ಳೆ. ಅಂತೋರು ಇದ ಕದ್ದು ಬಾಳೆಣ್ಣಲ್ಲಿಟ್ಟು ನುಂಗ್ಬುಟ್ರೆ ಅವ್ಳಿಗೆ ಬಸುರು, ನಿನ್ ಕೂಸ್ಗೆ ಕೇಡು.”

ಬಿಎಸ್ಸಿ, ಬಿಎಡ್ ಓದಿದ ಶೃತಿ ಈ ಮಾತಿಗೆ ನಗಬೇಕಿತ್ತು. ನಗಲಿಲ್ಲ, ಗಂಟನ್ನು ರವಿಕೆಯೊಳಗೆ ಇಟ್ಟುಕೊಂಡಳು. ಗಂಡನ ಮನೆಗೆ ಬಂದ ಮೂರನೇ ದಿನಕ್ಕೆ ಕೆಂಪಾಜಮ್ಮ ಅದನ್ನು ಕೇಳಿದಳು. ಆ ಮನೆಯ ಪದ್ಧತಿಯಲ್ಲಿ ಬಳ್ಳಿಯನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ಹೂಳಬೇಕು. ಅವಳ ಇಬ್ಬರು ಮಕ್ಕಳದೂ ಅಲ್ಲೇ ಇರುವುದು, ಹೂತರೇನೇ ಕೂಸು ಈ ಮನೆಯದಾಗುವುದು. ಶೃತಿ ತಡವರಿಸಿ, “ಪೆಟ್ಟಿಗೇಲಿಟ್ಟಿದ್ದೆ ಅತ್ತೆ, ಕಾಣ್ತಿಲ್ಲ” ಅಂದುಬಿಟ್ಟಳು. ಕೆಂಪಾಜಮ್ಮ ತಿರುಗಿ ರೋಜಾಳ ಮುಖ ನೋಡಿದಳು. ಅಕ್ಕಿ ಆರಿಸುತ್ತಿದ್ದ ರೋಜಾಳ ಕೈ ಮೊರದ ಮೇಲೆ ನಿಂತಿತು. ಆ ನೋಟದ ಅರ್ಥ ಮೂವರಿಗೂ ಗೊತ್ತಾಯಿತು. ಆ ಮಧ್ಯಾಹ್ನವೇ ಶೃತಿ ಬಾಗಿಲು ಹಾಕಿಕೊಂಡು, ನಾಮಕರಣಕ್ಕೆ ತಮ್ಮ ತಂದಿದ್ದ ಆನೆಯ ಹೊಟ್ಟೆಯನ್ನು ಎರಡು ಬೆರಳಗಲ ಬಿಚ್ಚಿ, ಗಂಟನ್ನು ಹತ್ತಿಯ ನಡುವೆ ತುರುಕಿ ಹೊಲಿದುಬಿಟ್ಟಳು. ಕೈಗೆ ಸಿಕ್ಕಿದ್ದು ಗಿಳಿಹಸಿರು ದಾರ. ಅವಳ ಸೀಮಂತದ ರವಿಕೆಯನ್ನು ರೋಜಾಳೇ ಹೊಲಿದುಕೊಟ್ಟಿದ್ದಳು, ಅದರಲ್ಲಿ ಉಳಿದು ಶೃತಿಗೇ ಕೊಟ್ಟಿದ್ದ ದಾರ ಅದು. ಹೊಲಿದಾದ ಮೇಲೆ ಉಂಡೆಯನ್ನು ರೋಜಾಳ ಹೊಲಿಗೆ ಡಬ್ಬಿಗೇ ಹಾಕಿಟ್ಟಳು.

ಯಾರ ಕೈಗೆ ಸಿಗಬಾರದು ಅಂತ ಬಚ್ಚಿಟ್ಟಳೋ, ತಿಂಗಳು ತಿಂಗಳು ಅದು ಅವಳ ಕಾಲ ಮೇಲೇ ಬಂದು ಮಲಗುತ್ತಿತ್ತು. ವಿಜ್ಞಾನದ ಮೇಡಮ್ಮಿನ ಬುದ್ಧಿವಂತಿಕೆ ಅಂದರೆ ಇದು.

ಆ ವರ್ಷ ಕಾರ್ತಿಕ ಬಂದರೂ ಮೋಡ ಬಿಡಲಿಲ್ಲ. ಕೂಸಿಗೆ ಉಬ್ಬಸ ಹಿಡಿಯಿತು. ಎದೆಯೊಳಗೆ ಸಿಳ್ಳೆ, ಕೆಮ್ಮಿ ಕೆಮ್ಮಿ ಕಣ್ಣು ಕೆಂಪು. ಡಾಕ್ಟರು ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಕೂಸು ಅವುಚಿಕೊಂಡಿದ್ದ ಗುಂಡನನ್ನು ಕಿತ್ತು ಮೂಸಿ, ಮುಖ ಸಿಂಡರಿಸಿದರು.

“ಏನಮ್ಮ ಇದು, ಬೂಷ್ಟು ಹಿಡಿದ ವಾಸನೆ ಹೊಡೀತಿದೆ. ಮಗು ಇದರ ಮೇಲೇ ಮುಖ ಇಟ್ಟು ಮಲಗುತ್ತಾ? ಒಳಗಿನ ಹತ್ತಿ ತೆಗೆದು ಬಿಸಿನೀರಲ್ಲಿ ತೊಳೀರಿ. ಇಲ್ಲ ಬಿಸಾಕಿ.”

ಶೃತಿಯ ಜೊತೆ ರೋಜಾಳೂ ಹೋಗಿದ್ದಳು, ಇಬ್ಬರೂ ಕೇಳಿಸಿಕೊಂಡರು. ಬರುವ ಭಾನುವಾರ ತಾನೇ ಬಿಚ್ಚಿ, ಗಂಟನ್ನು ಬೇರೆ ಕಡೆ ಇಡೋಣ ಅಂತ ಶೃತಿ ಅಂದುಕೊಂಡಳು. ಆದರೆ ರೋಜಾಳಿಗೆ ಭಾನುವಾರದವರೆಗೆ ಕಾಯುವ ತಾಳ್ಮೆ ಎಲ್ಲಿತ್ತು? ಮಂಗಳವಾರ ಬೆಳಗಾಗುವವರೆಗೂ ಕೂಸು ಕೆಮ್ಮಿತ್ತು. ಶೃತಿ ಬಸ್ಸು ಹತ್ತಿದ ಹಿಂದೆಯೇ ರೋಜಾ ಹಂಡೆಗೆ ನೀರು ಕಾಯಲಿಟ್ಟು ಕತ್ತರಿ ತಂದಳು.

ಮುಂದಿನದು ಶೃತಿಗೆ ಆಮೇಲೆ ತಿಳಿದದ್ದು. ಹತ್ತಿಯನ್ನು ಎಳೆದೆಳೆದು ಮೊರಕ್ಕೆ ಹಾಕುತ್ತಿದ್ದಾಗ ರೋಜಾಳ ಬೆರಳಿಗೆ ಗಟ್ಟಿಯಾಗಿ ಏನೋ ತಗುಲಿತು. ಹೊರಗೆಳೆದು ನೋಡಿದರೆ ಅರಿಶಿನದ ಗಂಟು. ಅವಳು ಹೊಲಿಗೆಯ ದಾರ ನೋಡಲಿಲ್ಲ, ಗಂಟನ್ನು ಮಾತ್ರ ನೋಡಿದಳು. ಯಾರೋ ಕೂಸಿಗೆ ಮಾಟ ಮಾಡಿಸಿದ್ದಾರೆ, ಅದಕ್ಕೇ ಈ ಕೆಮ್ಮು ಅಂತ ಅವಳ ಜೀವ ಹಾರಿಹೋಯಿತು. ಹತ್ತಿ ಮೆತ್ತಿದ ಕೈಯಲ್ಲೇ ಓಡಿಹೋಗಿ, “ಅತ್ತೇ, ನೋಡ್ಬನ್ನಿ, ಯಾವ ಪಾಪಿಗಳೋ ನಮ್ ಕೂಸಿನ ಆನೆ ಒಟ್ಟೇಲಿ ಏನೋ ಮಡುಗ್ಬುಟ್ಟವ್ರೆ” ಅಂತ ಕೂಗಿದಳು. ಬುದ್ಧಿಯಿರುವವಳಾಗಿದ್ದರೆ ಅದನ್ನು ಒಲೆಗೆ ಹಾಕಿ ಸುಮ್ಮನಿರುತ್ತಿದ್ದಳು. ಅವಳಿಗೆ ಬುದ್ಧಿ ಇರಲಿಲ್ಲ, ಪ್ರೀತಿ ಇತ್ತು.

ಕೆಂಪಾಜಮ್ಮ ಗಂಟು ಬಿಚ್ಚಿದಳು. ಕರ್ರಗೆ ಒಣಗಿದ ಆ ಚೂರನ್ನು ಗುರುತಿಸಲು ಎರಡು ಹೆತ್ತವಳಿಗೆ ಕ್ಷಣ ಸಾಕಾಯಿತು. ಐದು ವರ್ಷದಿಂದ ಅವಳ ಮನಸ್ಸಿನಲ್ಲಿ ಕೂತಿದ್ದ ನೋಟಕ್ಕೆ ಆಗ ಬಾಯಿ ಬಂತು.

ಸಂಜೆ ಶೃತಿ ಚಪ್ಪಲಿ ಬಿಡುವ ಹೊತ್ತಿಗೆ ನಡುಮನೆಯಲ್ಲಿ ಪಂಚಾಯಿತಿಯೇ ಸೇರಿತ್ತು. ಕೆಂಪಾಜಮ್ಮ ಕಂಬಕ್ಕೊರಗಿ ಕೂತಿದ್ದಳು, ಮುಂದೆ ಬಿಚ್ಚಿದ ಗಂಟು. ಹೇಮಂತ್ ಶಿಫ್ಟಿಗೆ ಹೋಗಿರಲಿಲ್ಲ. ಮಧುಕುಮಾರ್ ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದ. ರೋಜಾ ಮೂಲೆಯಲ್ಲಿದ್ದಳು, ಕೆನ್ನೆಯ ಮೇಲೆ ಬೆರಳಿನ ಗುರುತು. ಹತ್ತಿ ತೆಗೆದ ಗುಂಡ ಖಾಲಿ ಚೀಲವಾಗಿ ಬಿದ್ದಿದ್ದ.

“ಬಾರವ್ವ, ನೋಡು ನಿನ್ ವಾರಗಿತ್ತಿ ಸಂಪತ್ತ” ಅಂದಳು ಕೆಂಪಾಜಮ್ಮ. “ಅವತ್ತು ಪೆಟ್ಟಿಗೆಯಿಂದ ಕದ್ದೋಳು ಇವ್ಳೇ. ನುಂಗಕ್ಕೆ ಧೈರ್ಯ ಸಾಲ್ದೆ ಗೊಂಬೆ ಒಟ್ಟೇಲಿ ಮಡುಗಿ, ತಿಂಗ್ತಿಂಗ್ಳು ಕಾಲ್ಮೇಲ್ ಆಕ್ಕಂಡು ನೀರ್ ಉಯ್ದು ಸಾಂಬ್ರಾಣಿ ಆಕೌಳೆ. ನಾವು ಆಟ ಅನ್ಕಂಡೋ. ಆಟ ಅಲ್ಲ, ಕೂಸ್ನ ತನ್ ಕೂಸು ಮಾಡ್ಕಳ್ಳಕ್ಕೆ ಮಾಡಿದ್ ಮಾಟ. ಅದ್ಕೇ ಅದು ನಿನ್ ಕಡೆ ತಿರ್ಗೂ ನೋಡಾಕಿಲ್ಲ.”

ಎಣ್ಣೆನೀರು, ಬೆನ್ನು ತಟ್ಟುವಿಕೆ, ಮಂಕರಿ, ಹೊಗೆ. ಐದು ವರ್ಷ ಆ ಮನೆ ನಗುತ್ತ ನೋಡಿದ್ದೆಲ್ಲ ಒಂದೊಂದಾಗಿ ಸಾಕ್ಷಿ ಹೇಳತೊಡಗಿತು. ಶೃತಿಯ ಒಂದು ಮಾತು ಸಾಕಿತ್ತು. “ಅದನ್ನಿಟ್ಟಿದ್ದು ನಾನು ಅತ್ತೆ” ಅಂದರೆ ಮುಗಿಯುತ್ತಿತ್ತು, ಎರಡು ದಿನ ಬೈಗುಳ ತಿನ್ನಬೇಕಾಗುತ್ತಿತ್ತು ಅಷ್ಟೇ. ಅವಳು ಹೇಳಲು ಬಾಯಿ ತೆರೆದಿದ್ದೂ ನಿಜ.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಲಿಖಿತಾ ಬಿಡಿಸಿಕೊಂಡು ಓಡಿಬಂದಳು. ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ದಾಟಿ, ಅವಳು ಚಾಚಿದ ಕೈಯ ಕೆಳಗೇ ನುಸುಳಿ, ಸೀದಾ ಹೋಗಿ ರೋಜಾಳ ಸೆರಗಿನೊಳಗೆ ಮುಖ ಹುದುಗಿಸಿದಳು. “ದೊಡ್ಡಮ್ಮ, ನಿನ್ಗೆ ಯಾರು ಹೊಡೆದ್ರು?”

ಶೃತಿಯ ಚಾಚಿದ ಕೈ ಹಾಗೇ ಉಳಿಯಿತು. ಆಡಬೇಕಿದ್ದ ಮಾತು ಅಲ್ಲೇ ಸತ್ತಿತು.

“ನಂಗೇನೂ ಗೊತ್ತಿಲ್ಲ ಅತ್ತೆ” ಅಂದಳು.

ರೋಜಾ ತಲೆಯೆತ್ತಿದಳು. ಖಾಲಿ ಗುಂಡನನ್ನು ಎತ್ತಿಕೊಂಡು ಹೊಟ್ಟೆಯ ಅಂಚನ್ನು ಬೆಳಕಿಗೆ ಹಿಡಿದಳು. ಕತ್ತರಿಸಿದ ಗಿಳಿಹಸಿರು ದಾರದ ತುಣುಕುಗಳು ಅಲ್ಲಿ ನಿಂತಿದ್ದವು.

“ಶೃತಿ, ಈ ದಾರ ನೋಡವ್ವ. ನಿನ್ ಸೀಮಂತದ ರವಿಕೇದು. ಉಳಿದಿದ್ದ ನಾನ್ ನಿನ್ಗೇ ಕೊಟ್ಟಿದ್ದೆ. ಯೋಳು.”

ಕೆಂಪಾಜಮ್ಮ ಎದ್ದು ಹೋಗಿ ರೋಜಾಳ ಹೊಲಿಗೆ ಡಬ್ಬಿ ತಂದು ನೆಲದ ಮೇಲೆ ಸುರಿದಳು. ಗುಂಡಿಗಳ ನಡುವಿನಿಂದ ಗಿಳಿಹಸಿರು ಉಂಡೆ ಉರುಳಿಕೊಂಡು ಹೋಗಿ ಮಧುಕುಮಾರನ ಕಾಲ ಬಳಿ ನಿಂತಿತು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಬಾಗಿಲ ಕಡೆ ಮುಖ ತಿರುಗಿಸಿದ.

“ಕಳ್ಳಮುಂಡೆ, ಅದನ್ನೂ ಅವ್ಳ್ ಮೇಲೇ ಆಕ್ತೀಯಾ?” ಅಂದಳು ಕೆಂಪಾಜಮ್ಮ. “ದಿಟ ಆದ್ರೆ ಬಾ, ಕೂಸಿನ ತಲೆ ಮುಟ್ಟಿ ಆಣೆ ಮಾಡು. ನಾನಲ್ಲ ಅನ್ನು, ನಾ ನಂಬ್ತೀನಿ.”

ರೋಜಾ ಕೂಸಿನ ತಲೆಯ ಮೇಲಿದ್ದ ತನ್ನ ಕೈಯನ್ನು ಸರಕ್ಕನೆ ತೆಗೆದಳು.

“ಬೇಡ ಅತ್ತೆ. ಕಪಿಲೇಲಿ ಮುಳುಗಿ ಒದ್ದೆ ಸೀರೇಲಿ ನಂಜುಂಡೇಶ್ವರನ ಮುಂದೆ ನಿಂತ್ಕಂಡು ಪ್ರಮಾಣ ಮಾಡ್ತೀನಿ. ನನ್ ತಲೆ ಮೇಲೆ ಮಾಡ್ತೀನಿ, ನನ್ ಗಂಡನ್ ತಲೆ ಮೇಲೂ ಮಾಡ್ತೀನಿ. ಕೂಸಿನ ತಲೆ ಮೇಲೆ ಮಾತ್ರ ಮಾಡಾಕಿಲ್ಲ. ದಿಟದ್ ಆಣೇನೂ ಎಳೆ ಕೂಸ್ಗೆ ಒಳ್ಳೇದಲ್ಲ. ಉಸಾರಿಲ್ದಿರೋ ಕೂಸು ಅದು.”

“ನೋಡಿದ್ರಾ!” ಅಂತ ಕೆಂಪಾಜಮ್ಮ ಗಂಡುಮಕ್ಕಳ ಕಡೆ ತಿರುಗಿದಳು. “ಸುಳ್ಳು ಅಲ್ದೆ ಇದ್ರೆ ಭಯ ಯಾಕೆ? ಶೃತಿ, ನೀ ಬಾ. ಈ ಬಂಜೆ ನಿನ್ ಮೇಲ್ ಆಕವ್ಳೆ. ನೀ ಮಾಡವ್ವ ಆಣೆಯ, ಇತ್ಯರ್ಥ ಆಗ್ಲಿ.”

ಹೇಮಂತ್ ಕೂಸನ್ನು ಎಳೆದು ತಂದು ಶೃತಿಯ ಮುಂದೆ ನಿಲ್ಲಿಸಿದ. ಎಂಟನೇ ಕ್ಲಾಸಿನ ಮಕ್ಕಳಿಗೆ ಆಣೆ, ಶಾಪ, ದೃಷ್ಟಿ ಇವೆಲ್ಲ ಮೂಢನಂಬಿಕೆ ಅಂತ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವಳು ಅವಳು. ತಲೆ ಅಂದರೆ ಮೂಳೆ, ಚರ್ಮ, ಕೂದಲು ಅಂತ ತನಗೆ ತಾನೇ ಹೇಳಿಕೊಂಡಳು. ರೋಜಾ ಅವಳನ್ನೇ ನೋಡುತ್ತಿದ್ದಳು. ಆಗ ರೋಜಾಳ ಮುಖದಲ್ಲಿ ಸಿಟ್ಟಿರಲಿಲ್ಲ, “ಬೇಡ, ಮಾಡ್ಬೇಡ” ಅಂತ ಬೇಡುವ ಕಣ್ಣಿತ್ತು. ಆ ಕಣ್ಣನ್ನು ಕಂಡು ಶೃತಿಗೆ ರೇಗಿಹೋಯಿತು. ನನ್ನ ಮಗಳ ಮೇಲೆ ಇವಳಿಗೆ ನನಗಿಂತ ಹೆಚ್ಚಿನ ಕಾಳಜಿಯೇ? ಬೆವರಿದ್ದ ಆ ಪುಟ್ಟ ತಲೆಯ ಮೇಲೆ ಅವಳು ಕೈಯಿಟ್ಟಳು.

“ನನ್ನ ಮಗಳಾಣೆಗೂ, ಅದನ್ನಿಟ್ಟಿದ್ದು ನಾನಲ್ಲ.”

ರೋಜಾ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

ಮರುದಿನ ಮಧುಕುಮಾರ್ ಹಾಲಿನ ವ್ಯಾನಿನಲ್ಲೇ ಹೆಂಡತಿಯನ್ನು ಸೋಸಲೆಗೆ ಬಿಟ್ಟು ಬಂದ. ಸ್ವಲ್ಪ ದಿವಸ ಇರಲಿ ಅಂದ, ಆ ಸ್ವಲ್ಪ ದಿವಸಕ್ಕೆ ಕೊನೆ ಇರಲಿಲ್ಲ. ಕೆಂಪಾಜಮ್ಮ ಬಳ್ಳಿಯನ್ನು ತೆಂಗಿನ ಬುಡದಲ್ಲಿ ಹೂತಳು. ಮಾಟದ ವಸ್ತು ಮನೆಯಲ್ಲಿರಬಾರದು ಅಂತ ಗೊಂಬೆಗಳನ್ನೆಲ್ಲ ಒಗೆಯುವ ಕಲ್ಲಿನ ಪಕ್ಕ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದಳು. ಮೊಲ, ಎರಡು ಕರಡಿ, ಕಿವಿ ಹರಿದ ನಾಯಿ, ಮೇಲೆ ಖಾಲಿ ಗುಂಡ. ಕೂಸನ್ನು ಒಳಗೆ ಕರೆದುಕೊಂಡು ಹೋಗಬೇಕು ಅನ್ನುವ ಬುದ್ಧಿ ಯಾರಿಗೂ ಬರಲಿಲ್ಲ. ಅದು ಮೊದಲು ಕಿರುಚಿತು, ಆಮೇಲೆ ಉಸಿರು ಕಟ್ಟಿಕೊಂಡು ನೀಲಿಯಾಯಿತು, ಅವತ್ತು ಮೊದಲನೇ ಸಲ ಆಸ್ಪತ್ರೆಗೆ ಸೇರಿತು.

“ಗೊಂಬೆಗಳನ್ನ ಯಾಕೆ ಸುಟ್ರಿ?” ಅಂತ ಕೂಸು ಆಸ್ಪತ್ರೆಯ ಹಾಸಿಗೆಯಲ್ಲಿ ಕೇಳಿದಾಗ ಅಜ್ಜಿಯೇ ಉತ್ತರ ಕೊಟ್ಟಳು. “ನಿಮ್ ದೊಡ್ಡಮ್ಮ ಮಾಡಿದ್ ಕೆಲ್ಸಕ್ಕೆ ಕಣವ್ವ.”

ಮೂರು ತಿಂಗಳು ಕಳೆಯಿತು. ಶೃತಿ ಹೊಸ ಗೊಂಬೆಗಳನ್ನು ತಂದಳು. ಮೊಬೈಲಿನಲ್ಲಿ ನೋಡಿ ಕಲಿತು, ದಿಂಬಿನ ಚೀಲದಲ್ಲಿ ಕಟ್ಟಿ ವಾಷಿಂಗ್ ಮಷೀನಿಗೆ ಹಾಕಿದಳು. ಹೊರಬಂದ ಕರಡಿಯ ಹೊಟ್ಟೆಯೆಲ್ಲ ಗಂಟುಗಂಟು, ಒಂದು ಕಣ್ಣು ನಾಪತ್ತೆ. ಒಂದು ಭಾನುವಾರ ಹಿತ್ತಲಲ್ಲಿ ಮಣೆ ಹಾಕಿ ಕಾಲು ನೀಡಿ ತಾನೂ ಕೂತಳು. “ಬಾ ಪುಟ್ಟಿ, ಎಣ್ಣೆನೀರು ಹಾಕೋಣ” ಅಂತ ಕರೆದರೆ ಲಿಖಿತಾ ಬಾಗಿಲಲ್ಲೇ ನಿಂತು, “ಬೇಡ. ಇವಕ್ಕೆ ಹೆಸ್ರಿಲ್ಲ” ಅಂದಳು. ಶೃತಿ ಕರಡಿಯನ್ನು ಕಾಲ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ಒಬ್ಬಳೇ ನೀರು ಹೊಯ್ದಳು.

ಉಬ್ಬಸ ಮಾತ್ರ ಬಿಡಲಿಲ್ಲ. ಆಸ್ಪತ್ರೆಗೆ ಎರಡನೇ ಸಲವೂ ಸೇರಿಸಿದ್ದಾಯಿತು, ಮನೆಗೆ ಆವಿ ಕೊಡುವ ಮಷೀನೂ ಬಂತು. ಚಳಿಗಾಲ, ಧೂಳು, ಕಾರ್ಖಾನೆ ಹೊಗೆ ಅಂತ ಶೃತಿಗೆ ಕಾರಣಗಳೆಲ್ಲ ಬಾಯಿಪಾಠ. ಆದರೆ ಕೂಸಿನ ಎದೆ ಸಿಳ್ಳೆ ಹೊಡೆದಾಗಲೆಲ್ಲ ಅವಳ ಬಲಗೈ ತಣ್ಣಗಾಗುತ್ತಿತ್ತು. ಪಾಠದ ನಡುವೆ ಫೋನು ಅದುರಿದರೆ ಬೋರ್ಡಿನ ಮೇಲೆ ಸೀಮೆಸುಣ್ಣ ಮುರಿಯುತ್ತಿತ್ತು. ಬೋರ್ಡಿನ ಮೇಲೆ ಅಡಿಗೆರೆ ಎಳೆದದ್ದೆಲ್ಲ ಅವಳ ಸಹಾಯಕ್ಕೆ ಬರಲಿಲ್ಲ.

ಇದರ ಮೇಲೆ ಕೂಸು ಒಂದು ಹೊಸ ಆಟ ಕಲಿತಿತ್ತು. ಏನು ಕೇಳಬೇಕಾದರೂ ದೊಡ್ಡವರ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಳ್ಳುವುದು. “ಆಣೆ ಮಾಡು, ಸೂಜಿ ಚುಚ್ಚಲ್ಲ ತಾನೇ?” “ಆಣೆ ಮಾಡು, ಚಾಕ್ಲೇಟು ಮುಗಿದೋಯ್ತಾ?” ಎಲ್ಲರಿಗೂ ಅದು ತಮಾಷೆಯಾಗಿತ್ತು, ಶೃತಿ ಮಾತ್ರ ಕೈ ಕಿತ್ತುಕೊಂಡು ಎದ್ದು ಹೋಗುತ್ತಿದ್ದಳು.

ಮಾಘದ ಒಂದು ಸಂಜೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಶೃತಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದಾಗ ಸೋಸಲೆಯ ಕಡೆಯ ಬಸ್ಸಿನಿಂದ ರೋಜಾ ಇಳಿದಳು. ಸೊರಗಿ ಹೋಗಿದ್ದಳು, ಮೂಳೆ ಮೂಳೆ. ಶೃತಿ ಕಂಬದ ಹಿಂದೆ ಸರಿಯುವಷ್ಟರಲ್ಲಿ ಎದುರಿಗೇ ಬಂದು ನಿಂತಳು.

“ಕೂಸ್ಗೆ ಎದೆ ಎಂಗದೆ?”

“ವಾಸಿ ಅಕ್ಕ.”

“ಬೊಗಳ್ಬೇಡ. ಎರಡ್ ಸಲ ಆಸ್ಪತ್ರೆಗೆ ಸೇರ್ಸಿದ್ದು ನಿಮ್ ಬಾವ ಯೋಳ್ದ.” ರೋಜಾ ದನಿ ತಗ್ಗಿಸಿದಳು. “ಕೇಳು. ನಾ ಆ ಮನೆ ಒಸ್ಲು ಮೆಟ್ಟಾಕಿಲ್ಲ, ನೀನೇ ಬಂದು ಕರೆದ್ರೂ ಬರಾಕಿಲ್ಲ. ನನ್ ಮೇಲ್ ಬಂದದ್ದು ನನ್ ಮೇಲೇ ಇರ್ಲಿ. ಆದ್ರೆ ಕೂಸಿನ ತಲೆ ಮೇಲ್ ಮಡುಗಿದ್ದೀಯಲ್ಲ, ಅದ ಇಳ್ಸು. ಯಾರ್ ಮುಂದೆ ಆಣೆ ಮಾಡಿದ್ಯೋ ಅವ್ರ್ ಮುಂದೇನೇ ಬಾಯ್ಬುಟ್ಟು ಸುಳ್ಳು ಅಂತ ಯೋಳು. ಆಮೇಲ್ ನಂಜುಂಡೇಶ್ವರನ್ಗೆ ತಪ್ಪುಗಾಣಿಕೆ ಕಟ್ಟು. ಅಷ್ಟ್ ಮಾಡಿದ್ರೆ ಇಳೀತದೆ. ನಮ್ಮವ್ವ ಯೋಳ್ತಿದ್ಲು.”

“ಹೇಳ್ತೀನಿ ಅಕ್ಕ” ಅಂದಳು ಶೃತಿ. ಅವಳ ಕಣ್ಣು ತುಂಬಿತ್ತು. “ಇವತ್ತೇ ಹೇಳ್ತೀನಿ. ನಿಮ್ಮ ಕಾಲಿಗೆ…”

“ಬ್ಯಾಡ, ಮುಟ್ಬೇಡ.” ರೋಜಾ ಹಿಂದೆ ಸರಿದಳು. “ನಿನ್ಗೆ ಒಳ್ಳೇದಾಗ್ಲಿ ಅಂತ ಯೋಳ್ತಿಲ್ಲ ನಾನು. ನೀ ನರಳ್ಕಂಡೇ ಸಾಯಿ. ಕೂಸು ಬಾಳ್ಲಿ.”

ಬಸ್ಸಿನಲ್ಲಿ ಒಂದು ಗಂಟೆ ಶೃತಿ ಆ ಮಾತನ್ನು ಉರು ಹೊಡೆದಳು. ಅದನ್ನಿಟ್ಟಿದ್ದು ನಾನು ಅತ್ತೆ. ರೋಜಕ್ಕನ ತಪ್ಪಿಲ್ಲ. ಇಷ್ಟೇ, ಎರಡೇ ಮಾತು. ಗಂಡ ಬಯ್ಯುತ್ತಾನೆ, ಅತ್ತೆ ಅವ್ವನ ಮನೆಯವರನ್ನೆಲ್ಲ ಕರೆಸಿ ಮಾನ ಕಳೆಯುತ್ತಾಳೆ, ಕೂಸು ಮತ್ತೆ ದೊಡ್ಡಮ್ಮ ದೊಡ್ಡಮ್ಮ ಅಂತ ಅಳುತ್ತದೆ. ಅಳಲಿ, ಉಸಿರಾಡಿಕೊಂಡಿದ್ದರೆ ಸಾಕು ಅಂದುಕೊಂಡಳು. ಹಾಗೆ ಅಂದುಕೊಂಡದ್ದರಲ್ಲಿ ಮೋಸ ಇರಲಿಲ್ಲ.

ಮನೆಗೆ ಬಂದಾಗ ಆಣೆಯ ದಿನದ ಜನವೆಲ್ಲ ನಡುಮನೆಯಲ್ಲೇ ಇದ್ದರು. ಕೆಂಪಾಜಮ್ಮ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಹೇಮಂತ್ ಕೂಸಿನ ಮುಖಕ್ಕೆ ಆವಿ ಮಷೀನಿನ ಕಪ್ಪು ಹಿಡಿದಿದ್ದ. ಮಧುಕುಮಾರ್ ವ್ಯಾನಿನ ಬೀಗದ ಕೈ ತಿರುಗಿಸುತ್ತ ಹೊಸ್ತಿಲ ಮೇಲೆ ಕೂತಿದ್ದ. ಶೃತಿ ಬ್ಯಾಗನ್ನು ಕೆಳಗಿಡದೆ ನಿಂತಲ್ಲೇ ಅಂದಳು.

“ಅತ್ತೆ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು. ಎಲ್ಲರೂ ಇದ್ದೀರಲ್ಲ, ಎಲ್ಲರೂ ಕೇಳಿ.”

ಕೆಂಪಾಜಮ್ಮನ ಕೈಯಲ್ಲಿ ಕಾಯಿ ನಿಂತಿತು. ಮಧುಕುಮಾರ್ ತಲೆಯೆತ್ತಿದ. ಆಗ ಲಿಖಿತಾ ಕಪ್ಪನ್ನು ಪಕ್ಕಕ್ಕೆ ತಳ್ಳಿ ಎದ್ದು ಬಂದು, ಶೃತಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. ಅಜ್ಜಿ ಮತ್ತೇನೋ ಹೇಳಿರಬೇಕು ಅವತ್ತು.

“ಅಮ್ಮ, ಆಣೆ ಮಾಡು. ಗುಂಡನ್ನ ಸಾಯ್ಸಿದ್ದು ಯಾರು?”

ಅದರ ಕಣ್ಣು ಅವಳ ಮುಖದ ಮೇಲೆ ನೆಟ್ಟಿತ್ತು. ಹುಟ್ಟಿದಾಗಿನಿಂದ ಕೂಸು ಅವಳನ್ನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. “ನಾನು” ಅಂದುಬಿಟ್ಟರೆ ಈ ಕಣ್ಣು ಏನಾಗುತ್ತದೆ ಅನ್ನುವುದು ಶೃತಿಗೆ ಕಂಡುಹೋಯಿತು. ಗಂಡನ ಬೈಗುಳ, ಅತ್ತೆಯ ಪಂಚಾಯಿತಿ, ಎಲ್ಲಕ್ಕೂ ಅವಳು ಸಿದ್ಧವಾಗಿ ಬಂದಿದ್ದಳು, ಈ ಪ್ರಶ್ನೆಗೆ ಬಂದಿರಲಿಲ್ಲ. ಆವಿ ಮಷೀನು ಗುರ್ ಅನ್ನುತ್ತಿತ್ತು.

“ಯೋಳು ಅಮ್ಮ. ದೊಡ್ಡಮ್ಮನೇನಾ?”

“ಹೂಂ ಕಂದ” ಅಂದಳು ಶೃತಿ. “ದೊಡ್ಡಮ್ಮನೇ.”

ಕೂಸು ಒಳಗೆ ಏನೋ ಲೆಕ್ಕ ಮುಗಿಸಿದ ಹಾಗೆ ತಲೆಯಾಡಿಸಿ, ಎರಡೂ ತೋಳೆತ್ತಿ ಎತ್ತಿಕೋ ಅಂತ ನಿಂತಿತು. ಶೃತಿ ಎತ್ತಿಕೊಂಡಳು. ಕೂಸು ಅವಳ ಕುತ್ತಿಗೆ ತಬ್ಬಿ, ಎದೆಗೆ ಎದೆ ಒತ್ತಿ, ಹೆಗಲ ಮೇಲೆ ಮುಖ ಇಟ್ಟಿತು.

“ಹಂಗಾರೆ ದೊಡ್ಡಮ್ಮ ಬೇಡ. ನೀನೇ ಸಾಕು.”

“ಅಂತೂ ಬಂತಲ್ಲವ್ವ ಕೂಸು ನಿನ್ ಕಡೀಗೆ” ಅಂತ ಕೆಂಪಾಜಮ್ಮ ಕಣ್ಣೊರೆಸಿಕೊಂಡಳು. “ಏನೋ ಮಾತು ಅದೆ ಅಂದ್ಯಲ್ಲ, ಏನದು?”

“ಏನಿಲ್ಲ ಅತ್ತೆ.”

ಐದು ವರ್ಷ ಬಯಸಿದ್ದು ಈಗ ಅವಳ ತೋಳಲ್ಲಿತ್ತು, ಪೂರ್ತಿ ಅವಳದೇ. ಬಲಗೈ ಇನ್ನೂ ಕೂಸಿನ ತಲೆಯ ಮೇಲಿತ್ತು, ತೆಗೆಯಲು ಅವಳಿಗೆ ಭಯವಾಯಿತು. ಎದೆಗೊತ್ತಿದ ಪುಟ್ಟ ಎದೆಯೊಳಗೆ ಸಿಳ್ಳೆ ಏಳುತ್ತಿತ್ತು, ಇಳಿಯುತ್ತಿತ್ತು. ಶೃತಿ ನಿಂತಲ್ಲೇ ನಿಂತು ಒಂದೊಂದೇ ಉಸಿರನ್ನು ಎಣಿಸತೊಡಗಿದಳು.